ಮೌನವಾಗುವ ಸಾಕ್ಷಿ: ಮನಸ್ಸಾಕ್ಷಿಯ ಅವಗಣನೆ ಮತ್ತು ಪಾಪದ ಕ್ರಮಗತಿ

ನೈತಿಕ ದೈವಶಾಸ್ತ್ರದ ಪಠ್ಯಗಳಲ್ಲಿ ಮನಸ್ಸಾಕ್ಷಿಯ ಅಧ್ಯಾಯವೂ ಪಾಪದ ಅಧ್ಯಾಯವೂ ಬೇರೆಬೇರೆಯಾಗಿ ಬರುತ್ತವೆ. ಮೊದಲನೆಯದರಲ್ಲಿ ಖಚಿತ ಮನಸ್ಸಾಕ್ಷಿ, ಸಂದೇಹಗ್ರಸ್ತ ಮನಸ್ಸಾಕ್ಷಿ, ತಪ್ಪಿದ ಮನಸ್ಸಾಕ್ಷಿ ಎಂಬ ವಿಂಗಡಣೆಯನ್ನು ಕಲಿಯುತ್ತೇವೆ. ಎರಡನೆಯದರಲ್ಲಿ ಗಂಭೀರ ವಿಷಯ, ಪೂರ್ಣ ಅರಿವು, ಪೂರ್ಣ ಸಮ್ಮತಿ ಎಂಬ ಮೂರು ಷರತ್ತುಗಳನ್ನು ಕಲಿಯುತ್ತೇವೆ. ಪರೀಕ್ಷೆಗೆ ಇಷ್ಟು ಸಾಕು. ಆದರೆ ಪಾಪನಿವೇದನೆಗೆ ಬರುವವರು ಈ ಎರಡು ಅಧ್ಯಾಯಗಳ ನಡುವೆ, ಪಠ್ಯದಲ್ಲಿ ಪುಟಸಂಖ್ಯೆಯೂ ಇಲ್ಲದ ದಾರಿಯೊಂದರಲ್ಲಿ, ಬಹುಕಾಲ ನಡೆದು ಬಂದವರು. ಇಲ್ಲಿಯವರೆಗೆ ಹೇಗೆ ಬಂದೆನೋ ನನಗೇ ತಿಳಿಯದು ಎನ್ನುವ ಮಾತು ಗುರುಗಳಾದ ನಮಗೆಲ್ಲ ಪರಿಚಿತವೇ. ಈ ಲೇಖನದಲ್ಲಿ ನಾವು ಆ ದಾರಿಯನ್ನು, ಎಂದರೆ ಮನಸ್ಸಾಕ್ಷಿಯ ಸಣ್ಣ ಸ್ವರವನ್ನು ಬದಿಗಿರಿಸುವುದರಿಂದ ಮನುಷ್ಯನು ಶೋಧನೆಯೊಳಕ್ಕೂ ಅಲ್ಲಿಂದ ಪಾಪದೊಳಕ್ಕೂ ಹಂತಹಂತವಾಗಿ ಇಳಿಯುವ ಬಗೆಯನ್ನು, ಪವಿತ್ರಗ್ರಂಥ ಮತ್ತು ಪರಂಪರೆಯ ಬೆಳಕಿನಲ್ಲಿ ಪರಿಶೀಲಿಸಲು ಪ್ರಯತ್ನಿಸುತ್ತೇವೆ.

ಸಾಕ್ಷಿ ಎಂಬ ಪದ

ಕನ್ನಡ ಭಾಷೆ ಈ ವಿಷಯದಲ್ಲಿ ನಮಗೊಂದು ಉಪಕಾರ ಮಾಡಿದೆ. ಗ್ರೀಕಿನ 'ಸುನೈದೆಸಿಸ್' ಮತ್ತು ಲತೀನಿನ 'ಕೊನ್ಷಿಯೆನ್ಸಿಯ' ಎಂಬ ಪದಗಳೆರಡೂ 'ಜೊತೆಗೂಡಿ ಅರಿಯುವುದು' ಎಂಬ ಅರ್ಥದಿಂದ ಹೊರಡುತ್ತವೆ. ಕನ್ನಡವಾದರೋ 'ಮನಸ್ಸಾಕ್ಷಿ' ಎನ್ನುತ್ತದೆ. ಅರಿವಿಗಿಂತ ಸಾಕ್ಷ್ಯಕ್ಕೆ ಒತ್ತು ಕೊಡುತ್ತದೆ. ಸಂತ ಪೌಲನು ರೋಮನರಿಗೆ ಬರೆದ ಪತ್ರದಲ್ಲಿ (2:15) ಅನ್ಯಧರ್ಮೀಯರ ಹೃದಯದಲ್ಲಿ ಬರೆದಿರುವ ಧರ್ಮವನ್ನು ಕುರಿತು ಮಾತನಾಡುವಾಗ ಮನಸ್ಸಾಕ್ಷಿಯ ಕಾರ್ಯಕ್ಕೆ ಬಳಸುವ ಕ್ರಿಯಾಪದವೂ 'ಜೊತೆಗೂಡಿ ಸಾಕ್ಷಿ ನುಡಿಯುವುದು' ಎಂದೇ ಇದೆ. ಆದುದರಿಂದ ನಮ್ಮ ಪದ ಪೌಲನ ಮನಸ್ಸಿಗೆ ಬಹಳ ಹತ್ತಿರದ್ದು.

ಸಾಕ್ಷಿಯ ಸ್ವಭಾವವನ್ನು ಸ್ವಲ್ಪ ಯೋಚಿಸಿ ನೋಡೋಣ. ಸಾಕ್ಷಿಯು ಕಾನೂನು ಮಾಡುವವನಲ್ಲ. ಮನಸ್ಸಾಕ್ಷಿಯ ಹೆಸರಿನಲ್ಲಿ ತನಗೆ ತೋಚಿದ್ದನ್ನೇ ಧರ್ಮವೆಂದು ಘೋಷಿಸಿಕೊಳ್ಳುವವನು ಸಾಕ್ಷಿಯನ್ನು ಶಾಸಕನ ಪೀಠದಲ್ಲಿ ಕೂರಿಸುತ್ತಾನೆ. 1875ರಲ್ಲಿ ನಾರ್ಫೋಕ್‌ನ ಡ್ಯೂಕ್‌ಗೆ ಬರೆದ ಪ್ರಸಿದ್ಧ ಪತ್ರದಲ್ಲಿ ಸಂತ ಜಾನ್ ಹೆನ್ರಿ ನ್ಯೂಮನ್ ಖಂಡಿಸಿದ್ದು ಈ ಗೊಂದಲವನ್ನೇ. ಎರಡನೆಯದಾಗಿ, ಸಾಕ್ಷಿಯು ಕರೆದಾಗ ಬಂದು ಕಂಡದ್ದನ್ನು ಹೇಳುತ್ತಾನೆ. ಕೇಳಲೇಬೇಕೆಂದು ಯಾರ ಕಿವಿಯನ್ನೂ ಹಿಂಡುವುದಿಲ್ಲ. ಮೂರನೆಯದು ನಮ್ಮ ವಿಷಯಕ್ಕೆ ಎಲ್ಲಕ್ಕಿಂತ ಮುಖ್ಯವಾದುದು: ಸಾಕ್ಷಿಯನ್ನು ಸುಳ್ಳುಗಾರನೆಂದು ಸಾಬೀತುಪಡಿಸದೆಯೇ ಮೌನವಾಗಿಸಬಹುದು. ನಮ್ಮ ನ್ಯಾಯಾಲಯಗಳ ಅನುಭವವಿದ್ದವರಿಗೆ ಇದು ಗೊತ್ತು. ವಾಯಿದೆಯ ಮೇಲೆ ವಾಯಿದೆ ಹಾಕಿಸಿದರೆ ಸಾಕು. ಕೆಲಸ ಬಿಟ್ಟು, ಬಸ್ಸಿನ ಖರ್ಚು ಮಾಡಿಕೊಂಡು ಬಂದ ಸಾಕ್ಷಿ ಒಂದು ದಿನ ಬರುವುದನ್ನೇ ನಿಲ್ಲಿಸುತ್ತಾನೆ. ಮನಸ್ಸಾಕ್ಷಿಯನ್ನು ನಿರಾಕರಿಸುವವರು ವಿರಳ. ಅದಕ್ಕೆ ವಾಯಿದೆ ಹಾಕುವವರೇ ಹೆಚ್ಚು.

ಇಲ್ಲೊಂದು ಶಾಸ್ತ್ರೀಯ ವ್ಯತ್ಯಾಸವನ್ನು ಗಮನಿಸಬೇಕು. ಒಳಿತನ್ನು ಮಾಡಬೇಕು, ಕೆಡುಕನ್ನು ತೊರೆಯಬೇಕು ಎಂಬ ಮೂಲಭೂತ ಅರಿವನ್ನು ಮಧ್ಯಯುಗದ ಪಂಡಿತರು 'ಸಿಂದೆರೆಸಿಸ್' ಎಂದು ಕರೆದರು. (ಈ ವಿಚಿತ್ರ ಪದ 'ಸುನೈದೆಸಿಸ್' ಎಂಬುದರ ಪ್ರತಿಕಾರರ ಕೈತಪ್ಪಿನಿಂದ ಹುಟ್ಟಿತೆಂದು ವಿದ್ವಾಂಸರು ಸಾಮಾನ್ಯವಾಗಿ ಒಪ್ಪುತ್ತಾರೆ, ಒಂದು ಕೈತಪ್ಪು ಶತಮಾನಗಳ ಕಾಲ ದೈವಶಾಸ್ತ್ರಜ್ಞರಿಗೆ ಕೆಲಸ ಕೊಟ್ಟಿತು.) ಸಂತ ಜೆರೋಮನು ಎಝೆಕಿಯೇಲನ ಗ್ರಂಥಕ್ಕೆ ಬರೆದ ವ್ಯಾಖ್ಯಾನದಲ್ಲಿ ಇದನ್ನು ಕಿಡಿಗೆ ಹೋಲಿಸಿ, ಕಾಯಿನನ ಎದೆಯಲ್ಲಿಯೂ ಅದು ನಂದಲಿಲ್ಲವೆನ್ನುತ್ತಾನೆ. ಸಂತ ಥಾಮಸ್ ಅಕ್ವೀನಾಸರ ಪ್ರಕಾರ ಮನಸ್ಸಾಕ್ಷಿ ಎಂಬುದು ಸರಿಯಾಗಿ ಹೇಳುವುದಾದರೆ ಒಂದು ಶಕ್ತಿಯಲ್ಲ, ಒಂದು ಕ್ರಿಯೆ: ಆ ಮೂಲ ಅರಿವನ್ನು ಈಗಿನ ಈ ಸಂದರ್ಭಕ್ಕೆ ಅನ್ವಯಿಸುವ ಕ್ರಿಯೆ. ಹಾಗಾದರೆ ಅವಗಣನೆಯಿಂದ ಕೆಡುವುದು ಯಾವುದು? ಕಿಡಿಯಲ್ಲ, ಅನ್ವಯ. ಕಳ್ಳತನ ಕೆಟ್ಟದ್ದೆಂಬುದನ್ನು ಕಳ್ಳನೂ ಬಲ್ಲನು. ಅವನ ಮನೆಗೆ ಕನ್ನ ಹಾಕಿದರೆ ಅವನೂ ಕೂಗಾಡುತ್ತಾನೆ. ತಾನು ಮಾಡುತ್ತಿರುವುದಕ್ಕೆ ಆ ಹೆಸರು ಸಲ್ಲುತ್ತದೆಂಬುದು ಮಾತ್ರ ಅವನಿಗೆ ತೋರದು.

ಈ ತೋರದಿರುವಿಕೆ ಹೇಗೆ ಉಂಟಾಗುತ್ತದೆಂಬುದನ್ನು ಅಕ್ವೀನಾಸರು ದೈವಶಾಸ್ತ್ರ ಸಂಗ್ರಹದಲ್ಲಿ (ಎರಡನೆಯ ಭಾಗದ ಮೊದಲ ವಿಭಾಗ, ಪ್ರಶ್ನೆ 77, ಪರಿಚ್ಛೇದ 2) ತರ್ಕವಾಕ್ಯಗಳ ಮೂಲಕ ವಿವರಿಸುತ್ತಾರೆ. ರಾಗಕ್ಕೆ ವಶನಾದವನ ಮನಸ್ಸಿನಲ್ಲಿ ಎರಡು ಸಾಮಾನ್ಯ ಸೂತ್ರಗಳಿರುತ್ತವೆ. ಅಧರ್ಮವನ್ನು ಮಾಡಕೂಡದು ಎಂಬುದು ಒಂದು. ಸುಖಕರವಾದುದನ್ನು ಹಿಡಿಯಬೇಕು ಎಂಬುದು ಮತ್ತೊಂದು. ಮೊದಲನೆಯ ಸೂತ್ರ ಅವನಿಗೆ ಮರೆತಿಲ್ಲ. ಆದರೆ ಕಣ್ಣೆದುರಿನ ಸಂಗತಿಯನ್ನು ಅದರ ಕೆಳಗೆ ತಾರದಂತೆ ರಾಗವು ತಡೆಯುತ್ತದೆ, ಎರಡನೆಯದರ ಕೆಳಗೆ ತಂದು ನಿಲ್ಲಿಸುತ್ತದೆ. ಪರೀಕ್ಷೆಯಲ್ಲಿ ಹತ್ತು ಆಜ್ಞೆಗಳ ಬಗ್ಗೆ ಉತ್ತಮ ಉತ್ತರ ಬರೆದು ಅದೇ ಸಂಜೆ ಅವುಗಳಲ್ಲೊಂದನ್ನು ಮೀರಬಲ್ಲ ವಿಚಿತ್ರ ಸಾಮರ್ಥ್ಯ ಮನುಷ್ಯನಿಗೆ ಬಂದಿರುವುದು ಹೀಗೆ. ದೈವಶಾಸ್ತ್ರದ ಜ್ಞಾನವು ತಾನಾಗಿ ಯಾರನ್ನೂ ರಕ್ಷಿಸದು.

ದಾವೀದನ ಹೃದಯ

ಹೀಬ್ರೂ ಭಾಷೆಯಲ್ಲಿ ಮನಸ್ಸಾಕ್ಷಿಗೆ ಪ್ರತ್ಯೇಕ ಪದವಿಲ್ಲ. ಆ ಕೆಲಸವನ್ನು 'ಹೃದಯ' ಎಂಬ ಪದವೇ ಮಾಡುತ್ತದೆ. ಸೌಲನು ಗುಹೆಯೊಳಗೆ ಬಂದಾಗ ಅಲ್ಲಿ ಅಡಗಿದ್ದ ದಾವೀದನು ಅವನ ನಿಲುವಂಗಿಯ ಅಂಚನ್ನು ಕತ್ತರಿಸಿಕೊಂಡನು. ಸೌಲನ ಮೈಗೆ ಗೀರೂ ಆಗಲಿಲ್ಲ. ಆದರೂ ಬಳಿಕ ದಾವೀದನ ಹೃದಯ ಅವನನ್ನು ಹೊಡೆಯಿತು ಎನ್ನುತ್ತದೆ ಗ್ರಂಥ (1 ಸಮು. 24:5). ಬಹಳ ವರ್ಷಗಳ ಮೇಲೆ ಜನಗಣತಿ ಮಾಡಿಸಿದಾಗಲೂ ಅದೇ ಮಾತು ಬರುತ್ತದೆ (2 ಸಮು. 24:10). ಬಟ್ಟೆಯ ಒಂದು ತುಂಡಿಗಾಗಿ ಹೃದಯದಿಂದ ಪೆಟ್ಟು ತಿಂದ ಮನುಷ್ಯ ಇವನು. ಈ ಎರಡು ಪ್ರಸಂಗಗಳ ನಡುವೆ, ಎರಡನೆಯ ಸಮುವೇಲನ ಹನ್ನೊಂದನೆಯ ಅಧ್ಯಾಯದಲ್ಲಿ, ಪರಪತ್ನಿಯನ್ನು ತೆಗೆದುಕೊಂಡು, ಅವಳ ಗಂಡನನ್ನು ಕೊಲ್ಲಿಸಿದಾಗ ಹೃದಯ ಹೊಡೆಯಿತೆಂಬ ಮಾತೇ ಇಲ್ಲ. ಆ ಅಧ್ಯಾಯದ ಅತ್ಯಂತ ಭಯಂಕರವಾದ ಸಂಗತಿ ಈ ಮೌನವೇ ಎಂದು ನಮಗೆ ತೋರುತ್ತದೆ.

ಈ ಅಧ್ಯಾಯವನ್ನು ನಿಧಾನವಾಗಿ ಓದಬೇಕು. ಅರಸರು ಯುದ್ಧಕ್ಕೆ ಹೊರಡುವ ಕಾಲ. ದಾವೀದನು ಜೆರುಸಲೇಮಿನಲ್ಲಿ ಉಳಿದನು. ಇದನ್ನು ಹಿಡಿದುಕೊಂಡು ಅವನ ಸೋಮಾರಿತನದ ಮೇಲೆ ದೀರ್ಘ ಪ್ರವಚನ ಮಾಡುವುದು ವಾಡಿಕೆ. ಗ್ರಂಥ ಹಾಗೆ ಹೇಳುವುದಿಲ್ಲ. ಅರಸನು ಇನ್ನು ಯುದ್ಧಕ್ಕೆ ಬರಕೂಡದೆಂದು ಅವನ ಜನರೇ ಆಣೆಯಿಟ್ಟ ಪ್ರಸಂಗವೂ ಅದೇ ಪುಸ್ತಕದಲ್ಲಿದೆ (21:17). ಸಂಜೆ ಹಾಸಿಗೆಯಿಂದೆದ್ದು ಮಾಳಿಗೆಯ ಮೇಲೆ ಅಡ್ಡಾಡುವುದೂ ಪಾಪವಲ್ಲ. ಸ್ನಾನ ಮಾಡುತ್ತಿದ್ದ ಸ್ತ್ರೀಯೊಬ್ಬಳು ಕಣ್ಣಿಗೆ ಬಿದ್ದದ್ದೂ ಪಾಪವಲ್ಲ. ಮುಂದಿನ ಹೆಜ್ಜೆ ಆಕೆ ಯಾರೆಂದು ವಿಚಾರಿಸಲು ಆಳು ಕಳುಹಿಸಿದ್ದು. ಇದನ್ನೂ ಪಾಪವೆಂದು ಖಚಿತವಾಗಿ ಹೇಳಲಾರೆವು. ಆದರೆ ಇಷ್ಟರೊಳಗೆ ಏನೋ ಒಂದು ಜಾರಿದೆ ಎಂಬುದು ಓದುಗನಿಗೆ ತಿಳಿಯುತ್ತದೆ, ದಾವೀದನಿಗೂ ತಿಳಿದಿರಲೇಬೇಕು.

ಆಗ ಬಂದ ಉತ್ತರವನ್ನು ನೋಡಿ. ಆಕೆ ಎಲೀಯಾಮನ ಮಗಳೂ ಹಿತ್ತಿಯನಾದ ಊರೀಯನ ಹೆಂಡತಿಯೂ ಆದ ಬತ್ಷೆಬೆಯಲ್ಲವೇ ಎಂದು ಯಾರೋ ಒಬ್ಬರು ಹೇಳುತ್ತಾರೆ. ಹೆಸರಿಲ್ಲದ ಆ ಸೇವಕನ ಉತ್ತರ ಪ್ರಶ್ನೆಯ ರೂಪದಲ್ಲಿದೆ. ಅರಸನಿಗೆ ಅದಕ್ಕಿಂತ ಹೆಚ್ಚು ಹೇಳುವ ಧೈರ್ಯ ಸೇವಕನಿಗೆ ಎಲ್ಲಿಂದ ಬರಬೇಕು? ಊರೀಯನ ಹೆಸರೂ ಎಲೀಯಾಮನೆಂಬ ಹೆಸರೂ ದಾವೀದನ ಆಪ್ತ ವೀರರ ಪಟ್ಟಿಯಲ್ಲಿವೆ (23:34, 39). ಎಂದರೆ ಆಕೆ ಅಪರಿಚಿತೆಯಲ್ಲ; ತನಗಾಗಿ ಪ್ರಾಣ ಪಣವಿಟ್ಟವರ ಮನೆಯವಳು. ಒಳಗಿನ ಸಾಕ್ಷಿಗೆ ಹೊರಗಿನ ಸಾಕ್ಷಿಯೊಂದು ಇಲ್ಲಿ ದನಿಗೂಡಿಸಿತು. ಮುಂದಿನ ವಾಕ್ಯದಲ್ಲಿ ದಾವೀದನು ಆಳುಗಳನ್ನು ಕಳುಹಿಸುತ್ತಾನೆ, ಆಕೆಯನ್ನು ತರಿಸಿಕೊಳ್ಳುತ್ತಾನೆ. 'ಕಳುಹಿಸು' ಎಂಬ ಕ್ರಿಯಾಪದ ಈ ಅಧ್ಯಾಯದುದ್ದಕ್ಕೂ ಮರಳಿ ಮರಳಿ ಬರುತ್ತದೆ, ಅಧಿಕಾರದ ಕ್ರಿಯಾಪದವದು. ಬತ್ಷೆಬೆಯ ಮೇಲೆ ಗ್ರಂಥ ಎಲ್ಲಿಯೂ ದೋಷ ಹೊರಿಸುವುದಿಲ್ಲ. ನಾತಾನನ ಕಥೆಯಲ್ಲಿಯೂ ಆಕೆ ಕುರಿಮರಿ. ಆಕೆಯನ್ನು ಮೋಹಿನಿಯನ್ನಾಗಿ ಮಾಡುವ ಪ್ರವಚನಗಳನ್ನು ನಾವು ಬಿಡುವುದೊಳಿತು, ವಿಶೇಷವಾಗಿ ಗುರುಪದವಿಯ ಅಧಿಕಾರ ಬಳಸಿ ದುರ್ಬಲರನ್ನು ನೋಯಿಸಿದ ಪ್ರಕರಣಗಳು ಧರ್ಮಸಭೆಯನ್ನು ತಲೆತಗ್ಗಿಸುವಂತೆ ಮಾಡಿರುವ ಈ ಕಾಲದಲ್ಲಿ. ಅಂತಹ ಪ್ರಕರಣಗಳಲ್ಲಿಯೂ ಮಾಳಿಗೆಯಿಂದ ಮಲಗುವ ಕೋಣೆಯವರೆಗೆ ಓಡಾಡಿದ ಆಳುಗಳಿರುತ್ತಾರೆ. ಕಂಡೂ ಸುಮ್ಮನಿದ್ದ ಮನಸ್ಸಾಕ್ಷಿಗಳು ಅವು.

ಆಮೇಲಿನದು ಇಳಿಜಾರು. ಆಕೆ ಗರ್ಭಿಣಿ ಎಂಬ ಸುದ್ದಿ ಬಂದೊಡನೆ ದಾವೀದನು ಊರೀಯನನ್ನು ರಣರಂಗದಿಂದ ಕರೆಸುತ್ತಾನೆ. ಯುದ್ಧದ ಯೋಗಕ್ಷೇಮ ವಿಚಾರಿಸುವ ನಟನೆ ಮಾಡಿ ಮನೆಗೆ ಹೋಗೆನ್ನುತ್ತಾನೆ. ಊರೀಯನು ಅರಮನೆಯ ಬಾಗಿಲಲ್ಲೇ ಮಲಗುತ್ತಾನೆ. ಮಂಜೂಷವೂ ಇಸ್ರಯೇಲ್ಯರೂ ಗುಡಾರಗಳಲ್ಲಿರುವಾಗ, ತನ್ನ ದಳಪತಿ ಬಯಲಲ್ಲಿರುವಾಗ, ತಾನು ಮನೆಗೆ ಹೋಗಿ ಉಂಡು ಹೆಂಡತಿಯೊಡನೆ ಮಲಗಲಾರೆನೆಂದು ಅವನು ಹೇಳುವ ಮಾತು ಅರಸನ ಮನಸ್ಸಾಕ್ಷಿ ಆಡಬೇಕಾಗಿದ್ದ ಮಾತು. ಪರದೇಶೀಯನೊಬ್ಬನ ಬಾಯಿಂದ ಬಂತು. ಮರುದಿನ ದಾವೀದನು ಅವನಿಗೆ ಕುಡಿಸಿ ನೋಡುತ್ತಾನೆ. ಅದೂ ಫಲಿಸದಾಗ ಅವನ ಮರಣಾಜ್ಞೆಯನ್ನು ಅವನ ಕೈಯಲ್ಲೇ ಕೊಟ್ಟು ಯೋವಾಬನ ಬಳಿಗೆ ಕಳುಹಿಸುತ್ತಾನೆ. ಮಾಳಿಗೆಯ ಮೇಲೆ ನಿಂತಿದ್ದ ಆ ಸಂಜೆ, ಇನ್ನು ಕೆಲವು ತಿಂಗಳೊಳಗೆ ನೀನು ಊರೀಯನನ್ನು ಕೊಲ್ಲಿಸುವೆ ಎಂದು ಯಾರಾದರೂ ಹೇಳಿದ್ದರೆ ದಾವೀದನು ನಂಬುತ್ತಿದ್ದನೇ? ಖಂಡಿತ ಇಲ್ಲ. ಅವನು ಕೊಲೆಯನ್ನು ಆರಿಸಿಕೊಂಡು ಹೊರಟವನಲ್ಲ. ಪ್ರತಿ ಸಲವೂ ಹಿಂದಿನ ಹೆಜ್ಜೆಯನ್ನು ಮುಚ್ಚಲು ಬೇಕಾದಷ್ಟನ್ನೇ ಆರಿಸಿಕೊಂಡನು.

ಊರೀಯನೊಡನೆ ಇನ್ನೂ ಕೆಲವರು ಸತ್ತ ಸುದ್ದಿ ಬಂದಾಗ ದಾವೀದನು ಯೋವಾಬನಿಗೆ ಹೇಳಿಕಳುಹಿಸುವ ಸಾಂತ್ವನದ ಮಾತು ಇನ್ನೊಂದು ಮೆಟ್ಟಿಲು ಕೆಳಗಿನದು. ಈ ಸಂಗತಿ ನಿನ್ನ ಕಣ್ಣಿಗೆ ಕೆಟ್ಟದ್ದಾಗಿ ತೋರದಿರಲಿ ಎಂಬುದು ಅದರ ತಾತ್ಪರ್ಯ. ಖಡ್ಗವು ಒಮ್ಮೆ ಇವನನ್ನು, ಒಮ್ಮೆ ಅವನನ್ನು ನುಂಗುತ್ತದಂತೆ (11:25). ಎರಡೇ ವಾಕ್ಯಗಳ ನಂತರ ಗ್ರಂಥಕರ್ತನು ಅದೇ ಹೀಬ್ರೂ ನುಡಿಗಟ್ಟನ್ನು ಬಳಸಿ, ದಾವೀದನು ಮಾಡಿದ ಕಾರ್ಯ ಸರ್ವೇಶ್ವರನ ಕಣ್ಣಿಗೆ ಕೆಟ್ಟದ್ದಾಗಿತ್ತು ಎಂದು ಅಧ್ಯಾಯವನ್ನು ಮುಗಿಸುತ್ತಾನೆ. ತನ್ನ ಸಾಕ್ಷಿಯನ್ನು ಮೌನವಾಗಿಸಿದವನು ಈಗ ಬೇರೆಯವರ ಸಾಕ್ಷಿಗೂ ಏನು ಹೇಳಬೇಕೆಂದು ಪಾಠ ಹೇಳಿಕೊಡುತ್ತಿದ್ದಾನೆ.

ಮೆಟ್ಟಿಲುಗಳು

ಧರ್ಮಸಭೆಯ ಪಿತಾಮಹರು ಈ ಇಳಿತಕ್ಕೆ ಹೆಸರುಗಳನ್ನಿಟ್ಟರು. 590ರಿಂದ 604ರವರೆಗೆ ಜಗದ್ಗುರುಗಳಾಗಿದ್ದ ಮಹಾ ಸಂತ ಗ್ರೆಗೊರಿಯವರು ಯೋಬನ ಗ್ರಂಥದ ಮೇಲಿನ ತಮ್ಮ ವ್ಯಾಖ್ಯಾನದ ನಾಲ್ಕನೆಯ ಪುಸ್ತಕದಲ್ಲಿ ಪಾಪವು ಹೃದಯದೊಳಗೆ ನಾಲ್ಕು ಬಗೆಯಲ್ಲಿ ನಡೆಯುತ್ತದೆನ್ನುತ್ತಾರೆ: ಸೂಚನೆ, ಸುಖಾನುಭವ, ಸಮ್ಮತಿ, ಸಮರ್ಥನೆಯ ದಿಟ್ಟತನ. ಸರ್ಪವು ಸೂಚಿಸಿತು, ಹವ್ವಳು ಸವಿದಳು, ಆದಾಮನು ಒಪ್ಪಿದನು, ಕೇಳಿದಾಗ ತಪ್ಪೊಪ್ಪಿಕೊಳ್ಳದೆ ಸಮರ್ಥಿಸಿಕೊಂಡನು. ಕ್ರಿಯೆಯಲ್ಲಿಯೂ ನಾಲ್ಕು: ಮೊದಲು ಗುಪ್ತವಾಗಿ, ಆಮೇಲೆ ನಾಚಿಕೆಯಿಲ್ಲದೆ ಬಹಿರಂಗವಾಗಿ, ಬಳಿಕ ರೂಢಿಯಾಗಿ, ಕೊನೆಗೆ ಹುಸಿ ಭರವಸೆಯಲ್ಲಿಯೋ ಹತಾಶೆಯಲ್ಲಿಯೋ ಗಟ್ಟಿಯಾಗಿ. ಪೂರ್ವದ ಸನ್ಯಾಸಿ ಸಂತ ಯೊವಾನ್ನ ಕ್ಲಿಮಾಕಸನ ವಿಂಗಡಣೆ ಇನ್ನೂ ಸೂಕ್ಷ್ಮ. ಬಂದು ತಟ್ಟುವ ಆಲೋಚನೆ, ಅದರೊಡನೆ ಮಾತುಕತೆ, ಒಪ್ಪಿಗೆ, ಸೆರೆ, ಹೋರಾಟ, ವ್ಯಸನ ಎಂದು ಅವನು ಬೇರ್ಪಡಿಸುತ್ತಾನೆ.

ಈ ಪಟ್ಟಿಗಳನ್ನು ಕಂಠಪಾಠ ಮಾಡುವುದರಲ್ಲಿ ಹೆಚ್ಚು ಲಾಭವಿಲ್ಲ. ಅವುಗಳಲ್ಲಿ ಎರಡು ಸಂಗತಿಗಳು ಮಾತ್ರ ಅಮೂಲ್ಯ. ಮೊದಲನೆಯದು, ಸೂಚನೆಯು ಪಾಪವಲ್ಲ. ಯೇಸುಸ್ವಾಮಿಯೂ ಶೋಧನೆಗೊಳಗಾದರು, ಪಾಪ ಮಾತ್ರ ಇರಲಿಲ್ಲ (ಹಿಬ್ರಿ. 4:15). ಬಾಗಿಲು ತಟ್ಟಿದವರೆಲ್ಲ ಮನೆಯೊಳಗಿದ್ದಾರೆಂದು ಹೆದರುವ ಸೂಕ್ಷ್ಮಸ್ವಭಾವದ ಅಭ್ಯರ್ಥಿಗಳಿಗೆ ಇದನ್ನು ಎಷ್ಟು ಸಲ ಹೇಳಿದರೂ ಸಾಲದು. ಎರಡನೆಯದು ಗ್ರೆಗೊರಿಯವರ ನಾಲ್ಕನೆಯ ಮೆಟ್ಟಿಲು. ಸಮ್ಮತಿಯೊಡನೆ ಪಾಪ ಪೂರ್ಣವಾಯಿತೆಂದು ನಮ್ಮ ಪಠ್ಯಗಳು ಅಲ್ಲಿಗೇ ನಿಲ್ಲುತ್ತವೆ, ಅವರು ನಿಲ್ಲುವುದಿಲ್ಲ. ಸಮರ್ಥನೆಯು ಮನಸ್ಸಾಕ್ಷಿಯ ಮೇಲಿನ ನೇರ ಆಕ್ರಮಣ. ಪಾಪ ಮಾಡಿ ಅತ್ತವನ ಸಾಕ್ಷಿ ಇನ್ನೂ ಬದುಕಿದೆ. ಪಾಪ ಮಾಡಿ ಕಾರಣ ಕೊಟ್ಟವನ ಸಾಕ್ಷಿಯ ಬಾಯಿಗೆ ಬಟ್ಟೆ ತುರುಕಲಾಗಿದೆ. ತಿಮೊಥೇಯನಿಗೆ ಬರೆದ ಮೊದಲನೆಯ ಪತ್ರದ ಎರಡು ಚಿತ್ರಗಳು ಇದಕ್ಕೆ ಒಪ್ಪುತ್ತವೆ. ಶುದ್ಧ ಮನಸ್ಸಾಕ್ಷಿಯನ್ನು ತಳ್ಳಿಬಿಟ್ಟವರ ವಿಶ್ವಾಸದ ಹಡಗು ಒಡೆಯಿತು (1:19). ಅಲ್ಲಿಯ ಕ್ರಿಯಾಪದ ಕೈಯಿಂದ ದೂಡುವುದನ್ನು ಹೇಳುತ್ತದೆ, ಮರೆವನ್ನಲ್ಲ. ಮುಂದೆ ಕಾದ ಕಬ್ಬಿಣದ ಬರೆ ಬಿದ್ದ ಮನಸ್ಸಾಕ್ಷಿಯ ಮಾತು ಬರುತ್ತದೆ (4:2). ಬರೆ ಬಿದ್ದ ಚರ್ಮ ನೋಯುವುದಿಲ್ಲ. ನೋವಿಲ್ಲದಿರುವುದನ್ನೇ ಆರೋಗ್ಯವೆಂದು ಬಗೆಯುವ ಅಪಾಯ ಅಲ್ಲಿಂದ ಆರಂಭ. ದ್ವಿತೀಯ ವ್ಯಾಟಿಕನ್ ಮಹಾಸಭೆಯು 1965ರ ಡಿಸೆಂಬರ್ 7ರಂದು ಪ್ರಕಟಿಸಿದ, ಆಧುನಿಕ ಜಗತ್ತಿನಲ್ಲಿ ಧರ್ಮಸಭೆಯನ್ನು ಕುರಿತ ಸಂವಿಧಾನದ 16ನೆಯ ಪರಿಚ್ಛೇದ ಮನಸ್ಸಾಕ್ಷಿಯ ಘನತೆಯನ್ನು ಎತ್ತಿ ಹಿಡಿಯುತ್ತದೆ. ಅದರ ಕೊನೆಯ ಭಾಗದಲ್ಲಿಯೇ, ಪಾಪದ ರೂಢಿಯಿಂದ ಮನಸ್ಸಾಕ್ಷಿ ಸ್ವಲ್ಪಸ್ವಲ್ಪವಾಗಿ ಕುರುಡಾಗುವುದನ್ನೂ ಹೇಳುತ್ತದೆ. ಘನತೆಯ ಸಾಲುಗಳನ್ನು ಉದ್ಧರಿಸುವವರು ಈ ಸಾಲಿನವರೆಗೆ ಓದುವುದು ಅಪರೂಪ.

ತಡವಾಗಿ ಕೇಳುವ ಪ್ರಶ್ನೆ

ಅವಗಣನೆಯು ಪಾಪದ ಮೆಟ್ಟಿಲಿನಲ್ಲಿ ಆರಂಭವಾಗುವುದಿಲ್ಲ ಎಂಬುದು ನಮ್ಮ ಅಭಿಪ್ರಾಯ. ಅದು ಆರಂಭವಾಗುವುದು ಯಾವ ಆಜ್ಞೆಯೂ ಮುರಿಯದ ಸ್ಥಳದಲ್ಲಿ. ಅಲ್ಲಿ ಮನಸ್ಸಾಕ್ಷಿ ಆಪಾದಿಸುವುದಿಲ್ಲ. ಇದು ನಿನಗೆ ತಕ್ಕುದಲ್ಲ, ಇಲ್ಲಿಂದ ಏಳು, ಅದನ್ನು ಇಂದೇ ಮುಗಿಸು ಎಂದಷ್ಟೇ ಮೆಲ್ಲನೆ ಹೇಳುತ್ತದೆ. ಆಗ ನಮ್ಮಲ್ಲಿನ ಅರೆಬೆಂದ ಶಾಸ್ತ್ರಜ್ಞನು ಎದ್ದು, ಇದು ಪಾಪವೇ ಎಂದು ಕೇಳುತ್ತಾನೆ. ಅಲ್ಲ ಎಂಬುದು ಪ್ರಾಮಾಣಿಕವಾದ ಉತ್ತರ. ಅಲ್ಲವೆಂದ ಮೇಲೆ ಸಾಕ್ಷಿಯನ್ನು ಹೊರಗೆ ಕಳುಹಿಸಿಬಿಡುತ್ತೇವೆ. ಸರಿಯಾದ ಉತ್ತರ ದೊರೆತರೂ ಕೇಳಿದ ಪ್ರಶ್ನೆಯೇ ತಪ್ಪಾಗಿತ್ತು. ಸಂತ ಯಕೋಬನು ತನ್ನ ಪತ್ರದಲ್ಲಿ (1:14–15) ಆಶೆಯು ಗರ್ಭಧರಿಸಿ ಪಾಪವನ್ನು ಹೆರುತ್ತದೆ, ಪಾಪವು ಬೆಳೆದು ಮರಣವನ್ನು ಹೆರುತ್ತದೆ ಎನ್ನುವಾಗ ಪಾಪಕ್ಕೆ ಬಸಿರಿನ ಕಾಲವಿದೆ ಎನ್ನುತ್ತಾನೆ. ಆ ಕಾಲದಲ್ಲಿ ಹೊರಗೆ ಏನೂ ಕಾಣದು.

ಸಂತ ಅಗಸ್ಟೀನನ 'ಕನ್ಫೆಶನ್ಸ್' ಗ್ರಂಥದ ಒಂಬತ್ತನೆಯ ಪುಸ್ತಕದಲ್ಲಿ ಅವನ ತಾಯಿ ಮೋನಿಕಳ ಬಾಲ್ಯದ ಪ್ರಸಂಗವೊಂದಿದೆ. ಪೀಪಾಯಿಯಿಂದ ದ್ರಾಕ್ಷಾರಸ ತರಲು ಮನೆಯವರು ಅವಳನ್ನೇ ಕಳುಹಿಸುತ್ತಿದ್ದರು. ಹುಡುಗಿ ತುಟಿಯ ತುದಿಗೆ ಒಂದಿಷ್ಟು ಸೋಕಿಸಿಕೊಂಡಳು. ಕುಡಿಯುವ ಆಸೆಯಿಂದಲ್ಲ, ಎಳೆಯ ವಯಸ್ಸಿನ ತುಂಟತನದಿಂದ. ರುಚಿಯೂ ಹಿಡಿಸಿರಲಿಲ್ಲ. ದಿನಕ್ಕೆ ಒಂದಿಷ್ಟು ಸೇರುತ್ತಾ ಸೇರುತ್ತಾ, ಬಟ್ಟಲುಗಳನ್ನೇ ಬರಿದುಮಾಡುವ ಮಟ್ಟಕ್ಕೆ ಬಂದಳು. ಹನಿಹನಿಗೂಡಿದರೆ ಹಳ್ಳ ಎಂಬ ನಮ್ಮ ಗಾದೆ ಪುಣ್ಯದ ಲೆಕ್ಕಕ್ಕೆ ಮಾತ್ರ ಸೇರಿದ್ದಲ್ಲ. ಅವಳನ್ನು ತಡೆದವರು ತಂದೆತಾಯಿಯಲ್ಲ, ಕಟ್ಟುನಿಟ್ಟಿನ ದಾದಿಯೂ ಅಲ್ಲ. ಜೊತೆಗೆ ಹೋಗುತ್ತಿದ್ದ ದಾಸಿಯೊಬ್ಬಳು ಜಗಳದ ಸಿಟ್ಟಿನಲ್ಲಿ ಕುಡುಕಿ ಎಂದು ಜರೆದಳು. ಆ ಮಾತು ಚುಚ್ಚಿತು. ಮೋನಿಕ ಅಂದೇ ಬಿಟ್ಟಳು. ದಾಸಿಯ ಉದ್ದೇಶ ತಿದ್ದುವುದಾಗಿರಲಿಲ್ಲ, ನೋಯಿಸುವುದಾಗಿತ್ತು. ದೇವರು ಅವಳ ಕೋಪವನ್ನೇ ಶಸ್ತ್ರವೈದ್ಯನ ಚೂರಿಯಂತೆ ಬಳಸಿದನೆಂದು ಅಗಸ್ಟೀನನು ಅರ್ಥೈಸುತ್ತಾನೆ. ನಮ್ಮನ್ನು ಟೀಕಿಸುವವರ ಮಾತನ್ನು ಅವರ ಉದ್ದೇಶದ ಮೇಲೆ ತೂಗಿ ತಳ್ಳಿಹಾಕುವ ಚಾಳಿ ಗುರುಗಳಾದ ನಮಗೆ ಉಂಟಲ್ಲವೇ?

ಗುರುಜೀವನದಿಂದಲೇ ಉದಾಹರಣೆ ತೆಗೆದುಕೊಳ್ಳೋಣ. ಮೊಬೈಲ್ ಫೋನಿನ ಅಪಾಯಗಳನ್ನು ಪ್ರತಿ ಧ್ಯಾನಕೂಟದಲ್ಲಿಯೂ ಕೇಳಿರುವುದರಿಂದ ಅದನ್ನು ಇಲ್ಲಿ ಬಿಡುತ್ತೇವೆ. ಅದಕ್ಕಿಂತ ನೀರಸವಾದ, ಆದುದರಿಂದಲೇ ಹೆಚ್ಚು ಉಪಯುಕ್ತವಾದ ವಸ್ತುವೊಂದಿದೆ: ಬಲಿಪೂಜೆಯ ಕಾಣಿಕೆಯ ಪುಸ್ತಕ. 1983ರ ಧರ್ಮಸಭೆಯ ಕಾನೂನು ಸಂಹಿತೆಯ ಪ್ರಕಾರ ಕಾಣಿಕೆ ಎಷ್ಟೇ ಸಣ್ಣದಾಗಿದ್ದರೂ ಸ್ವೀಕರಿಸಿದ ಪ್ರತಿಯೊಂದು ಉದ್ದೇಶಕ್ಕೂ ಪ್ರತ್ಯೇಕ ಪೂಜೆ ಸಲ್ಲಬೇಕು (ನಿಯಮ 948). ಒಂದು ವರ್ಷದೊಳಗೆ ತಾನೇ ಪೂರೈಸಲಾಗದಷ್ಟನ್ನು ಗುರು ಸ್ವೀಕರಿಸಕೂಡದು (953). ಸ್ವೀಕರಿಸಿದ್ದನ್ನೂ ಪೂರೈಸಿದ್ದನ್ನೂ ತಪ್ಪದೆ ಬರೆದಿಡಬೇಕು (955). ಭಾನುವಾರ ಪೂಜೆ ಮುಗಿಸಿ ಬಾಗಿಲಲ್ಲಿ ನಿಂತಾಗ ವೃದ್ಧೆಯೊಬ್ಬಳು ತೀರಿಹೋದ ಗಂಡನ ಹೆಸರು ಹೇಳಿ ಮಡಿಸಿದ ನೋಟೊಂದನ್ನು ಕೈಗಿಡುತ್ತಾಳೆ. ಈಗಲೇ ಬರೆ ಎನ್ನುತ್ತದೆ ಒಳಗಿನ ಸ್ವರ. ಊಟದ ಹೊತ್ತು, ಸಂಜೆ ಬರೆದರಾಯಿತು. ಸಂಜೆ ಬರೆಯದಿರುವುದು ಪಾಪವಲ್ಲ. ಮೂರು ದಿನಗಳಲ್ಲಿ ಹೆಸರು ಅಸ್ಪಷ್ಟವಾಗುತ್ತದೆ. ಮೂರು ವಾರಗಳಲ್ಲಿ ಅಂತಹ ಹೆಸರುಗಳು ಏಳೆಂಟಾಗುತ್ತವೆ; ಅಂದಾಜಿನ ಮೇಲೆ ಒಂದು ಸಂಖ್ಯೆ ಬರೆಯುವುದಾಗುತ್ತದೆ. ಮುಂದಿನ ವರ್ಷದ ಹೊತ್ತಿಗೆ ಅಂದಾಜು ತನಗೆ ಅನುಕೂಲವಾದ ಕಡೆಗೇ ವಾಲುವುದು ರೂಢಿಯಾಗಿರುತ್ತದೆ. ಅಷ್ಟರಲ್ಲಿ ಸಮರ್ಥನೆಯೂ ಸಿದ್ಧ: ದೇವರಿಗೆ ಎಲ್ಲ ಹೆಸರುಗಳೂ ಗೊತ್ತಿವೆ. ಮಾತು ನಿಜವೇ, ಆದರೆ ನ್ಯಾಯದ ಋಣವನ್ನು ಭಕ್ತಿಯ ಮಾತಿನಿಂದ ತೀರಿಸಿದಂತಾಯಿತು. ಆ ವೃದ್ಧೆಯಾದರೋ ನೋಟು ಕೊಟ್ಟ ದಿನದಿಂದ ತನ್ನ ಗಂಡನ ಪಾಲಿನ ಪೂಜೆ ಸಂದಿದೆ ಎಂದೇ ನಂಬಿ ಕುಳಿತಿದ್ದಾಳೆ. ಧರ್ಮಕೇಂದ್ರದ ಬೇರೆ ಲೆಕ್ಕಗಳ ಪುಸ್ತಕವೂ ಮೇಜಿನ ಅದೇ ಖಾನೆಯಲ್ಲಿರುತ್ತದೆ ಎಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ. ಹಣದ ಚೀಲ ಹೊರುತ್ತಿದ್ದ ಯೂದನು ಅದರೊಳಗಿನಿಂದ ಕದಿಯುತ್ತಿದ್ದನೆಂದು ಯೊವಾನ್ನನ ಶುಭಸಂದೇಶ (12:6) ಹೇಳುವುದು ಮೂವತ್ತು ಬೆಳ್ಳಿ ನಾಣ್ಯಗಳಿಗೆ ಮುಂಚಿನ ಸಂಗತಿ.

ಇದಕ್ಕೊಂದು ಆಕ್ಷೇಪವಿದೆ, ಅದು ಹಗುರವಾದುದಲ್ಲ. ಪ್ರತಿಯೊಂದು ಸಣ್ಣ ಸ್ವರಕ್ಕೂ ಹೀಗೆ ಕಿವಿಗೊಡುವುದನ್ನು ಕಲಿಸಿದರೆ ಶಂಕಾಗ್ರಸ್ತ ಮನಸ್ಸಾಕ್ಷಿಯವರನ್ನು ಬೆಳೆಸಿದಂತಾಗುವುದಿಲ್ಲವೇ? ಅಂತಹವರ ಯಾತನೆಯನ್ನು ಬಲ್ಲ ಯಾವ ಪಾಪನಿವೇದನಾ ಗುರುವೂ ಅದನ್ನು ಹೆಚ್ಚಿಸಲು ಬಯಸನು. ಆದರೆ ಶಂಕಾಗ್ರಸ್ತನ ತೊಂದರೆ ಮನಸ್ಸಾಕ್ಷಿಯ ಸೂಕ್ಷ್ಮತೆಯಲ್ಲ, ಭಯ. ಅವನು ಕೇಳುವುದೂ ಅದೇ ಪ್ರಶ್ನೆಯನ್ನೇ: ಇದು ಪಾಪವೇ? ಉದಾಸೀನನು ಅಲ್ಲವೆಂದುಕೊಂಡು ಮುಂದೆ ಸಾಗುತ್ತಾನೆ, ಶಂಕಾಗ್ರಸ್ತನು ಹೌದೆಂದುಕೊಂಡು ನಡುಗುತ್ತಾನೆ. ಇಬ್ಬರ ಕಿವಿಗೂ ಮನಸ್ಸಾಕ್ಷಿ ಪೊಲೀಸನ ದನಿಯೇ. ಮೊದಲ ಸ್ವರವು ಕರೆಯೇ ಹೊರತು ಆಪಾದನೆಯಲ್ಲ ಎಂದು ಕಲಿಸುವುದು ಇಬ್ಬರಿಗೂ ಔಷಧ. ಆದರೂ ಶಂಕಾಗ್ರಸ್ತನಿಗೆ ಈ ಲೇಖನಕ್ಕಿಂತ ಒಬ್ಬನೇ ನಿಶ್ಚಿತ ಮಾರ್ಗದರ್ಶಿಯ ಮಾತಿಗೆ ವಿಧೇಯನಾಗಿರುವುದು ಹಿತಕರ. ಸಂತ ಅಲ್ಫೋನ್ಸ್ ಲಿಗೋರಿಯವರ ಸಲಹೆಯೂ ಅದೇ.

ನಾತಾನನ ಬರವು

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಹೆಗಲು ಮುಟ್ಟಿಕೊಂಡವನ ಸಾಕ್ಷಿ ಇನ್ನೂ ಎಚ್ಚರವಾಗಿದೆ. ನಾತಾನನು ಬಂದು ಬಡವನ ಕುರಿಮರಿಯ ಕಥೆ ಹೇಳಿದಾಗ ದಾವೀದನು ಹೆಗಲು ಮುಟ್ಟಿಕೊಳ್ಳಲಿಲ್ಲ. ಮಗು ಹುಟ್ಟಿಯಾಗಿತ್ತು, ತಿಂಗಳುಗಳೇ ಕಳೆದಿದ್ದವು. ಅವನಿಗೆ ಬಂದದ್ದು ನಾಚಿಕೆಯಲ್ಲ, ಸಿಟ್ಟು. ಕದ್ದವನು ಸಾಯತಕ್ಕವನೆಂದ, ನಾಲ್ಕರಷ್ಟು ತೆರಬೇಕೆಂದ. ಅಂದರೆ ವಿಮೋಚನಕಾಂಡದ ನಿಯಮವೂ ನೆನಪಿನಲ್ಲಿತ್ತು. ಕಿಡಿ ನಂದಿರಲಿಲ್ಲ, ಅನ್ವಯ ಮಾತ್ರ ಸತ್ತಿತ್ತು. ಆ ಮನುಷ್ಯನು ನೀನೇ ಎಂಬ ಒಂದು ಮಾತಿನಿಂದ ನಾತಾನನು ಮಾಡಿದ್ದು ಆ ಅನ್ವಯವನ್ನೇ. ಸರ್ವೇಶ್ವರನಿಗೆ ವಿರುದ್ಧವಾಗಿ ಪಾಪ ಮಾಡಿದ್ದೇನೆಂಬ ದಾವೀದನ ಉತ್ತರ ಹೀಬ್ರೂವಿನಲ್ಲಿ ಎರಡೇ ಪದಗಳು. ಅದರಲ್ಲಿ ಸಮರ್ಥನೆಗೆ ಎಡೆಯಿಲ್ಲ. ಗ್ರೆಗೊರಿಯವರ ನಾಲ್ಕನೆಯ ಮೆಟ್ಟಿಲಿನಿಂದ ಅವನು ಒಂದೇ ಮಾತಿಗೆ ಇಳಿದು ಬಂದನು. (ಬತ್ಷೆಬೆಯಲ್ಲಿ ದಾವೀದನಿಗೆ ಹುಟ್ಟಿದ ಮಕ್ಕಳಲ್ಲಿ ಒಬ್ಬನ ಹೆಸರು ನಾತಾನ ಎಂದು ಮೊದಲನೆಯ ಪೂರ್ವಕಾಲವೃತ್ತಾಂತ 3:5ರಲ್ಲಿದೆ. ಕಾರಣವನ್ನು ಗ್ರಂಥ ಹೇಳುವುದಿಲ್ಲ.)

ದಾವೀದನು ತಾನಾಗಿ ಎಚ್ಚರಗೊಳ್ಳಲಿಲ್ಲ ಎಂಬುದನ್ನು ಗುರುಮಠಗಳಲ್ಲಿರುವ ನಾವು ಗಂಭೀರವಾಗಿ ತೆಗೆದುಕೊಳ್ಳಬೇಕು. ಬರೆ ಬಿದ್ದ ಚರ್ಮವನ್ನು ಅದೇ ಚರ್ಮದಿಂದ ಮುಟ್ಟಿ ಪರೀಕ್ಷಿಸಲಾಗದು. ಆದುದರಿಂದಲೇ ಸಂಹಿತೆಯು ಅಭ್ಯರ್ಥಿಗಳಿಗೆ ಆಗಾಗ್ಗೆ ಪಾಪನಿವೇದನೆಯ ಅಭ್ಯಾಸವನ್ನೂ, ತಾನೇ ಮುಕ್ತವಾಗಿ ಆರಿಸಿಕೊಂಡ ಆಧ್ಯಾತ್ಮಿಕ ಮಾರ್ಗದರ್ಶಿಯನ್ನೂ ಸೂಚಿಸುತ್ತದೆ (246). ಅಭ್ಯರ್ಥಿಯನ್ನು ದೀಕ್ಷೆಗೆ ಸೇರಿಸುವ ಅಥವಾ ಗುರುಮಠದಿಂದ ಕಳುಹಿಸುವ ತೀರ್ಮಾನದಲ್ಲಿ ಆ ಮಾರ್ಗದರ್ಶಿಯ ಅಥವಾ ಪಾಪನಿವೇದನಾ ಗುರುವಿನ ಅಭಿಪ್ರಾಯವನ್ನು ಎಂದಿಗೂ ಕೇಳಕೂಡದೆಂದು ವಿಧಿಸುತ್ತದೆ (240). ಸಾಕ್ಷಿಗೆ ಹೆದರಿಕೆಯಿಲ್ಲದೆ ಮಾತನಾಡಲು ಒಂದು ಕೋಣೆ ಬೇಕು. ಆ ಕೋಣೆಯನ್ನು ಕಾನೂನು ಕಟ್ಟಿಕೊಟ್ಟಿದೆ. ಅಲ್ಲಿಗೆ ಹೋಗಿ ಹವಾಮಾನದ ಮಾತನಾಡಿ ಬರುವವರೂ ಇದ್ದಾರೆ. ಲೊಯೋಲದ ಸಂತ ಇಗ್ನೇಷಿಯಸರು ಆಧ್ಯಾತ್ಮಿಕ ಸಾಧನೆಗಳ 326ನೆಯ ಸಂಖ್ಯೆಯಲ್ಲಿ ವೈರಿಯನ್ನು ಗುಟ್ಟು ಬಯಸುವ ಕಪಟ ಪ್ರೇಮಿಗೆ ಹೋಲಿಸುತ್ತಾರೆ. ಹುಡುಗಿ ತಂದೆಗೆ ಹೇಳಿಬಿಟ್ಟರೆ ಅವನ ಆಟ ಮುಗಿಯಿತು.

ಅದೇ ಗ್ರಂಥದ 333 ಮತ್ತು 334ನೆಯ ಸಂಖ್ಯೆಗಳಲ್ಲಿ ಬರುವ ಕ್ರಮವನ್ನು ಪಾಪನಿವೇದನಾ ಗುರುಗಳಿಗೆ ನಾವು ವಿಶೇಷವಾಗಿ ಶಿಫಾರಸು ಮಾಡುತ್ತೇವೆ. ಆಲೋಚನೆಯ ಓಟದ ಆದಿ, ಮಧ್ಯ, ಅಂತ್ಯಗಳನ್ನು ನೋಡಬೇಕು. ಅಂತ್ಯ ಕೆಟ್ಟದ್ದಾಗಿದ್ದರೆ ಅಲ್ಲಿಂದ ಹಿಂದಕ್ಕೆ ನಡೆಯುತ್ತಾ, ಮೊದಲಿದ್ದ ಶಾಂತಿ ಎಲ್ಲಿ ಕದಡಿತೆಂಬುದನ್ನು ಗುರುತಿಸಬೇಕು. ಗಂಭೀರ ಪಾಪಗಳ ವಿಧ ಮತ್ತು ಸಂಖ್ಯೆಯನ್ನು ನಿವೇದಿಸಬೇಕೆಂಬುದು ಕಾನೂನು (988). ಅದನ್ನು ಕೇಳಿದ ಮೇಲೆ, ಸಮಯವಿದ್ದು ನಿವೇದಿಸುವವನಿಗೆ ಮನಸ್ಸಿದ್ದರೆ, ಇನ್ನೊಂದನ್ನು ಕೇಳಬಹುದು: ಇದಕ್ಕೆ ಮುಂಚೆ, ಇನ್ನೂ ಏನೂ ಆಗದಿದ್ದಾಗ, ನಿನಗೆ ಮೊದಲು ಕಸಿವಿಸಿಯಾದದ್ದು ಯಾವಾಗ? ಬಹುಪಾಲು ಜನರು ಸ್ವಲ್ಪ ಹೊತ್ತು ಸುಮ್ಮನಿದ್ದು, ಪಾಪದ ದಿನಕ್ಕಿಂತ ಬಹಳ ಹಿಂದಿನ ಒಂದು ದಿನವನ್ನು ಹೇಳುತ್ತಾರೆ. ಗಂಟೆಯೂ ನೆನಪಿರುತ್ತದೆ. ಗುರುವು ಸಲಹೆಯನ್ನು ಆ ದಿನಕ್ಕೆ ಕೊಡಬೇಕು, ಪ್ರಾಯಶ್ಚಿತ್ತವನ್ನೂ ಸಾಧ್ಯವಾದರೆ ಅದಕ್ಕೇ ಸಂಬಂಧಿಸಿದಂತೆ ವಿಧಿಸಬೇಕು. ಕಾಣಿಕೆಯ ಪುಸ್ತಕದ ವಿಷಯವಾದರೆ, ಮೇಜಿನ ಖಾನೆಯಿಂದ ಅದನ್ನು ತೆಗೆದು ಪೂಜಾವಸ್ತ್ರಾಲಯದಲ್ಲಿ, ಪೆನ್ನಿನ ಜೊತೆಗೆ ಇರಿಸಲಿ.